ಪಂಪಿಗೆ ಮೊದಲ ನೀರು ಹಾಕುವವರು ಯಾರು?

ಅಡಿಕೆ ತೋಟ ಇರುವ ಮನೆಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆಯ ಪಂಪು ಗಾಳಿ ಎಳೆದುಕೊಂಡರೆ ಸ್ವಿಚ್ ಹಾಕಿ ಪ್ರಯೋಜನವಿಲ್ಲ. ಮೋಟರು ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ಕೊಡಪಾನದಲ್ಲಿ ನೀರು ತಂದು ಮೇಲಿನಿಂದ ಸುರಿದು, ಫುಟ್‌ವಾಲ್ವಿನವರೆಗೂ ಪೈಪು ತುಂಬಿಸಿದ ಮೇಲೆಯೇ ಅದು ಎತ್ತಲು ತೊಡಗುವುದು. ನೀರು ತರುವ ಯಂತ್ರಕ್ಕೆ ಮೊದಲ ನೀರನ್ನು ನಾವೇ ಕೊಡಬೇಕು.

ಕಂಪ್ಯೂಟರಿನ ಪಾಡೂ ಇದೇ. ಡಿಸ್ಕಿನಲ್ಲಿರುವ ಪ್ರೋಗ್ರಾಂಗಳನ್ನು ಮೆಮೊರಿಗೆ ತಂದು ಓಡಿಸುವುದು ಆಪರೇಟಿಂಗ್ ಸಿಸ್ಟಂನ ಕೆಲಸ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಆದರೆ ಕರ್ನಲ್ ಕೂಡ ಡಿಸ್ಕಿನಲ್ಲಿ ಮಲಗಿರುವ ಇನ್ನೊಂದು ಪ್ರೋಗ್ರಾಂ ತಾನೆ? ಅದನ್ನು ಎಬ್ಬಿಸಿ ತರುವವರು ಯಾರು?

ನನ್ನನ್ನು ಈ ಪ್ರಶ್ನೆಗೆ ಎಳೆದು ತಂದದ್ದು ಕಾಸರಗೋಡಿನ ಬದಿಯಡ್ಕದ ಕಡೆಯ ಸಂಬಂಧಿಕರ ಮನೆಯ ಒಂದು ಲ್ಯಾಪ್‌ಟಾಪ್. ಮನೆಯ ಹುಡುಗಿ ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಕಲಿಯುವ ಲಿನಕ್ಸ್ ಮನೆಯಲ್ಲೂ ಇರಲಿ ಎಂದು ಪೇಟೆಯ ಅಂಗಡಿಯೊಂದರಲ್ಲಿ ಹಾಕಿಸಿದ್ದರು. ಲಿನಕ್ಸ್ ಬಂತು, ಮೊದಲಿದ್ದ ವಿಂಡೋಸ್ ಕಾಣೆಯಾಯಿತು.

"ಮಾವ, ಅಪ್ಪನ ಲೆಕ್ಕ ಎಲ್ಲ ಹೋಯ್ತಾ?"

"ಹೋಗ್ಲಿಲ್ಲ, ಒಳಗೇ ಉಂಟು. ಬಾಗಿಲು ಬೇರೆ, ಅಷ್ಟೆ."

ಬಾಗಿಲು ಬೇರೆ ಎಂದದ್ದು ಸುಮ್ಮನೆ ಸಮಾಧಾನಕ್ಕಲ್ಲ. ಈಚಿನವರೆಗೂ ಬಂದ ಹೆಚ್ಚಿನ ಲ್ಯಾಪ್‌ಟಾಪುಗಳಿಗೆ ನಿಜಕ್ಕೂ ಎರಡು ಬಾಗಿಲುಗಳಿದ್ದವು. ಒಂದು 1981ರದ್ದು, ಇನ್ನೊಂದು ಈ ಶತಮಾನದ್ದು.

ಹಳೆಯ ಬಾಗಿಲಿನ ಹೆಸರು ಬಯಾಸ್. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಅಳಿಸಲಾಗದಂತೆ ಬರೆದಿಟ್ಟ ಸಣ್ಣ ಪ್ರೋಗ್ರಾಂ ಅದು. ಆ ಕಂಪ್ಯೂಟರಿನೊಳಗಿದ್ದ ಇಂಟೆಲ್ 8088 ಪ್ರೊಸೆಸರಿಗೆ ತಲುಪುತ್ತಿದ್ದದ್ದು ಒಂದು ಮೆಗಾಬೈಟ್ ವಿಳಾಸಗಳು ಮಾತ್ರ. ವಿದ್ಯುತ್ ಹರಿದ ಕೂಡಲೇ ಅದು ಆ ಸಾಲಿನ ತುದಿಗಿಂತ 16 ಬೈಟ್ ಕೆಳಗಿನ ವಿಳಾಸಕ್ಕೆ ಹೋಗಿ ಅಲ್ಲಿದ್ದ ಆಜ್ಞೆಯನ್ನು ಓದುತ್ತಿತ್ತು. ಇಂದಿನ ಪ್ರೊಸೆಸರುಗಳೂ ಈ ಅಭ್ಯಾಸ ಬಿಟ್ಟಿಲ್ಲ. ಒಂದು ಮೆಗಾಬೈಟಿನ ಬದಲು 4 ಗಿಗಾಬೈಟಿನ ತುದಿ, ಅದಕ್ಕಿಂತ ಅದೇ 16 ಬೈಟ್ ಕೆಳಗೆ.

ಬಯಾಸ್ ಮಾಡುತ್ತಿದ್ದದ್ದು ಬಹಳ ಕಡಿಮೆ. ಮೆಮೊರಿ, ಕೀಬೋರ್ಡು ಸರಿಯಾಗಿವೆಯೇ ಎಂದು ನೋಡುವುದು, ಡಿಸ್ಕಿನ ಮೊದಲ 512 ಬೈಟುಗಳನ್ನು ಮೆಮೊರಿಗೆ ತರುವುದು, ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಗುರುತು ಇದ್ದರೆ ಅಲ್ಲಿಗೆ ಹಾರುವುದು. ಮುಂದಿನದು ಅದರ ತಲೆನೋವಲ್ಲ. ಹಾರ್ಡ್ ಡಿಸ್ಕಿನಲ್ಲಾದರೆ ಆ 512ರಲ್ಲಿ 64 ಬೈಟ್ ಡಿಸ್ಕಿನ ಪಾಲುಪಟ್ಟಿಗೆ, 2 ಬೈಟ್ ಗುರುತಿಗೆ. ಉಳಿದ 446 ಬೈಟುಗಳೊಳಗೆ ಒಂದು ಪ್ರೋಗ್ರಾಂ ತುಂಬಬೇಕು. ಕನ್ನಡದ ಒಂದಕ್ಷರಕ್ಕೆ ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕಡಿಮೆಯೆಂದರೂ 3 ಬೈಟ್ ಬೇಕು, ಅಂದರೆ ಅಲ್ಲಿ ಕನ್ನಡದ ಒಂದು ಪ್ಯಾರಾ ಕೂಡ ಹಿಡಿಯದು. ಹಾಗಾಗಿ ಈ ಗಿಡ್ಡ ಪ್ರೋಗ್ರಾಂ ತನಗಿಂತ ದೊಡ್ಡ ಇನ್ನೊಂದನ್ನು ಕರೆಯುತ್ತಿತ್ತು, ಅದು ಕರ್ನಲನ್ನು ಕರೆಯುತ್ತಿತ್ತು.

ಲಿನಕ್ಸ್‌ಗೆ ಮೊದಮೊದಲು ಈ ದಲ್ಲಾಳಿಗಳೂ ಬೇಕಿರಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆದ ಕರ್ನಲಿನ ನೆತ್ತಿಯ ಮೇಲೆಯೇ ಆ 512 ಬೈಟುಗಳಿದ್ದವು. ಕರ್ನಲನ್ನು ಹಾಗೆಯೇ ಫ್ಲಾಪಿಗೆ ಸುರಿದು ಯಂತ್ರಕ್ಕೆ ಹಾಕಿದರೆ ಅದು ತಾನಾಗಿ ಏಳುತ್ತಿತ್ತು. ಆಮೇಲೆ ಕರ್ನಲ್ ಬೆಳೆಯಿತು, ಫ್ಲಾಪಿ ಸಾಲದಾಯಿತು. ಕರ್ನಲನ್ನು ಕರೆಯಲು ಲಿಲೋ ಎಂಬ ಬೂಟ್ ಲೋಡರ್ ಬಂತು, 1995ರಲ್ಲಿ ಅಂಥದೇ ಗ್ರಬ್ ಹುಟ್ಟಿತು. ಕರ್ನಲಿನ 2.6ನೇ ಆವೃತ್ತಿಯ ಹೊತ್ತಿಗೆ ನೆತ್ತಿಯ ಮೇಲಿನ ಆ ಪ್ರೋಗ್ರಾಂ ಕೆಲಸ ನಿಲ್ಲಿಸಿ, ಫ್ಲಾಪಿಯಿಂದ ನೇರ ಏಳುವ ಕಾಲ ಮುಗಿಯಿತು, ಬೂಟ್ ಲೋಡರ್ ಬಳಸಿ ಎಂದು ಸೂಚನೆ ತೋರಿಸಿ ಸುಮ್ಮನಾಗುತ್ತಿತ್ತು.

ಕಾಸರಗೋಡಿನ ಶಾಲೆಗಳಿಗೆ ಲಿನಕ್ಸ್ ಬಂದದ್ದು ಈ ಗ್ರಬ್ ಕಾಲದಲ್ಲಿ. ಅದರ ಹಿಂದಿನ ಒಂದು ಹೆಸರನ್ನು ನಮ್ಮವರು ಆಗಾಗ ಮರೆಯುತ್ತಾರೆ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ಹೇಗಿರಬೇಕೆಂದು ಶಿಫಾರಸು ಮಾಡಿದ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ ಇಸ್ರೋವನ್ನು ಮುನ್ನಡೆಸಿದ ಪ್ರೊ. ಯು.ಆರ್. ರಾವ್. ಆ ಶಿಫಾರಸಿನ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಶಾಲೆಗಳು ಮುಕ್ತ ತಂತ್ರಾಂಶದ ದಾರಿ ಹಿಡಿದವು, ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಲಿನಕ್ಸ್ ಮೇಲೆಯೇ ನಡೆಯತೊಡಗಿತು. 2017ರಲ್ಲಿ ಯೋಜನೆ 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು. ಉಬುಂಟು ಆಧಾರದ ಅದರ ಲಿನಕ್ಸಿನ 22.04 ಆವೃತ್ತಿ 2023ರಲ್ಲಿ ಬಂತು. ಐಸಿಟಿ ಪಾಠಪುಸ್ತಕ ಮಲಯಾಳ, ಇಂಗ್ಲಿಷಿನಂತೆ ಕನ್ನಡದಲ್ಲೂ ಇದೆ. ಮಂಜೇಶ್ವರ, ಕುಂಬಳೆಯ ಮಕ್ಕಳು ಗಡಿಯಾಚೆಯ ತಮ್ಮ ಓರಗೆಯವರಿಗಿಂತ ಮೊದಲೇ ಲಿನಕ್ಸ್ ಕಂಡರೆಂದರೆ ಅದಕ್ಕೆ ಕಾರಣ ಇದು. ಗಡಿಯ ಬಗ್ಗೆ ನಮಗಿರುವ ದೂರುಗಳು ಹಲವು. ಇದನ್ನಾದರೂ ಒಳ್ಳೆಯದರ ಖಾತೆಗೆ ಬರೆಯೋಣ.

ಲ್ಯಾಬುಗಳಿಗೆ ಮೊದಮೊದಲು ಬಂದ ಡೆಸ್ಕ್‌ಟಾಪುಗಳಲ್ಲಿ ಸಿಡಿ ಹಾಕಿ ಮುಂದೆ ಮುಂದೆ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಹೊಸ ಬಾಗಿಲಿನ ಲ್ಯಾಪ್‌ಟಾಪುಗಳು ಬಂದ ಮೇಲೆ ಅದು ಹಾಗೆ ಉಳಿಯಲಿಲ್ಲ.

ಹೊಸ ಬಾಗಿಲು ತೆರೆದದ್ದು ಇಂಟೆಲ್. ತೊಂಬತ್ತರ ದಶಕದ ಕೊನೆಯಲ್ಲಿ ಎಚ್‌ಪಿ ಜೊತೆ ಸೇರಿ ಇಟಾನಿಯಂ ಎಂಬ 64 ಬಿಟ್ ಪ್ರೊಸೆಸರ್ ಮಾಡುತ್ತಿದ್ದಾಗ, 16 ಬಿಟ್ಟಿನ ಹಳೆಯ ಬಯಾಸ್ ಅದಕ್ಕೆ ಹೊಂದಲಿಲ್ಲ. ಆಗ ಬರೆದ ಹೊಸ ಕ್ರಮಕ್ಕೆ ಇಎಫ್‌ಐ ಎಂದು ಹೆಸರು. 2005ರಲ್ಲಿ ಹಲವು ಕಂಪನಿಗಳ ಕೂಟಕ್ಕೆ ಅದನ್ನು ಒಪ್ಪಿಸಿದ ಮೇಲೆ ಯುಇಎಫ್‌ಐ ಆಯಿತು. ಇಟಾನಿಯಂ ಮಾರುಕಟ್ಟೆಯಲ್ಲಿ ಸೋತಿತು, ಅದಕ್ಕೆಂದು ಮಾಡಿದ ಬಾಗಿಲು ಉಳಿಯಿತು. ಡಿಸ್ಕುಗಳು ದೊಡ್ಡದಾದದ್ದೂ ಅದಕ್ಕೆ ಸಹಾಯವಾಯಿತು: ಹಳೆಯ ಪಾಲುಪಟ್ಟಿಯ ಲೆಕ್ಕ ಸುಮಾರು 2 ಟೆರಾಬೈಟ್ ದಾಟುತ್ತಿರಲಿಲ್ಲ.

ಯುಇಎಫ್‌ಐ ಯಂತ್ರ ಏಳುವಾಗ ಮೊದಲ ಕ್ಷಣಗಳಲ್ಲಿ ಬಳಸಲು ಮೆಮೊರಿಯೇ ಇರುವುದಿಲ್ಲ. ಅಲ್ಲಿ ಕುಳಿತಿರುವ ರ್‍ಯಾಮ್ ಎಷ್ಟು, ಯಾವ ವೇಗದ್ದು ಎಂದು ಅಳೆದು ಹೊಂದಿಸುವವರೆಗೆ ಅದು ಇದ್ದೂ ಇಲ್ಲದಂತೆ. ಅಷ್ಟು ಹೊತ್ತು ಫರ್ಮ್‌ವೇರ್ (ಬೋರ್ಡಿನ ಚಿಪ್ಪಿನಲ್ಲಿರುವ ಈ ಪ್ರೋಗ್ರಾಂ) ಪ್ರೊಸೆಸರಿನೊಳಗಿನ ಪುಟ್ಟ ಕ್ಯಾಶನ್ನೇ ಮೆಮೊರಿ ಎಂದು ಬಳಸಿ ಕೆಲಸ ನಡೆಸುತ್ತದೆ. ಕೊಡಪಾನದ ನೀರು ಅದೇ. ರ್‍ಯಾಮ್ ಸಿದ್ಧವಾದ ಮೇಲೆ ಡಿಸ್ಕು, ಪರದೆ, ಯುಎಸ್‌ಬಿಯ ಚಾಲಕಗಳು ಬರುತ್ತವೆ. ಹಳೆಯ ಬಯಾಸ್‌ಗೆ ಫೈಲ್ ಎಂದರೇನೆಂದೇ ತಿಳಿಯದು. ಯುಇಎಫ್‌ಐ ಡಿಸ್ಕಿನಲ್ಲಿ ತನಗೆಂದೇ ಮೀಸಲಾದ ಒಂದು ಸಣ್ಣ ಪಾಲನ್ನು ತೆರೆದು, ಫೋಲ್ಡರಿನೊಳಗೆ ಹೋಗಿ, ಹೆಸರು ಹಿಡಿದು ಫೈಲನ್ನು ಓದುತ್ತದೆ.

ಹಾಗಾದರೆ ದಲ್ಲಾಳಿ ಯಾಕೆ ಬೇಕು? ಲಿನಕ್ಸ್ ಬರೆಯುವವರಿಗೂ ಹಾಗೇ ಅನಿಸಿತು. 2012ರಲ್ಲಿ ಬಂದ 3.3ನೇ ಆವೃತ್ತಿಯಿಂದ ಕರ್ನಲ್ ತಾನೇ ಯುಇಎಫ್‌ಐ ಪ್ರೋಗ್ರಾಮಿನ ವೇಷ ಹಾಕಬಲ್ಲದು. ಅದಕ್ಕೆ ಬೇಕಾದ ತಲೆಬರಹವನ್ನು ಕೂರಿಸಿದ್ದು ಹಿಂದೆ ಫ್ಲಾಪಿಯ 512 ಬೈಟುಗಳಿದ್ದ ಜಾಗದಲ್ಲೇ. ಇಪ್ಪತ್ತು ವರ್ಷ ಸುತ್ತಿ ಕರ್ನಲ್ ಮತ್ತೆ ತನ್ನ ಕಾಲ ಮೇಲೆ ಏಳುವಂತಾಯಿತು. ತಮಾಷೆಯೆಂದರೆ ಆ ತಲೆಬರಹ ಮೈಕ್ರೋಸಾಫ್ಟಿನ ನಮೂನೆಯದು. ಇಂದಿನ ಪಿಸಿಯ ಲಿನಕ್ಸ್ ಕರ್ನಲನ್ನು ಬಿಚ್ಚಿ ನೋಡಿದರೆ ಮೊದಲ ಎರಡು ಅಕ್ಷರ ಎಂ ಮತ್ತು ಝಡ್. ಅದು ಮೈಕ್ರೋಸಾಫ್ಟಿನ ಎಂಜಿನಿಯರ್ ಆಗಿದ್ದ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಮೊದಲಕ್ಷರಗಳು.

ಯಜಮಾನಿಕೆ ಕೈಬದಲಾಗುವ ಗಳಿಗೆ ನನಗೆ ಬಹಳ ಇಷ್ಟ. ಯಾವ ಮೆಮೊರಿ ಯಾರ ವಶದಲ್ಲಿದೆ ಎಂಬ ನಕ್ಷೆಯನ್ನು ಕರ್ನಲ್ ಕೇಳಿ ಪಡೆಯುತ್ತದೆ. ನಕ್ಷೆಯ ಜೊತೆ ಒಂದು ಸಂಖ್ಯೆಯೂ ಸಿಗುತ್ತದೆ. ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳುವಾಗ ಆ ಸಂಖ್ಯೆಯನ್ನು ತೋರಿಸಬೇಕು. ನಡುವೆ ನಕ್ಷೆ ಬದಲಾಗಿದ್ದರೆ ಫರ್ಮ್‌ವೇರ್ ಒಪ್ಪುವುದಿಲ್ಲ, ಹೊಸ ನಕ್ಷೆ ತೆಗೆದುಕೊಂಡು ಬಾ ಎನ್ನುತ್ತದೆ. ಯಕ್ಷಗಾನದ ಚೌಕಿಯಲ್ಲಿ ಪೂಜೆಯಾಗದೆ ಪ್ರಸಂಗ ಶುರುವಾಗುವುದುಂಟೇ? ಒಪ್ಪಿತವಾದ ಮೇಲೆ ಫರ್ಮ್‌ವೇರ್ ಗಡಿಯಾರ, ಒಂದಿಷ್ಟು ಸೆಟ್ಟಿಂಗ್‌ಗಳಂಥ ಕೆಲವನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಹಿಂದೆ ಸರಿಯುತ್ತದೆ.

ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಆದದ್ದು ಈಗ ತಿಳಿಯಬಹುದು. ವಿಂಡೋಸ್ ಹೊಸ ಬಾಗಿಲಿನಿಂದ ಏಳುತ್ತಿತ್ತು. ಅಂಗಡಿಯವರು ಸೆಟ್ಟಿಂಗ್‌ನಲ್ಲಿ 'ಲೆಗಸಿ' ಎಂದು ಬದಲಿಸಿ ಹಳೆಯ ಬಾಗಿಲಿನಿಂದ ಲಿನಕ್ಸ್ ಹಾಕಿದ್ದರು. ಒಂದು ಬಾಗಿಲಲ್ಲಿ ನಿಂತವರಿಗೆ ಇನ್ನೊಂದು ಕಾಣದು. ಸೆಟ್ಟಿಂಗ್ ಹಿಂದಿನಂತೆ ಮಾಡಿದೆವು, ವಿಂಡೋಸ್ ಬಂತು. ಲಿನಕ್ಸ್‌ನ ಬೂಟ್ ಲೋಡರನ್ನು ಯುಇಎಫ್‌ಐ ಕ್ರಮದಲ್ಲಿ ಇನ್ನೊಮ್ಮೆ ಹಾಕಲು ಒಂದು ಮಧ್ಯಾಹ್ನ ಬೇಕಾಯಿತು.

ಅಷ್ಟು ಹೊತ್ತೂ ಪರದೆಯ ಮೇಲೆ ಇಂಗ್ಲಿಷೇ. "ಕನ್ನಡ ಯಾವಾಗ ಬರುದು?" ಎಂದು ಹುಡುಗಿ ಎರಡು ಸಲ ಕೇಳಿದಳು. ಒತ್ತಕ್ಷರ, ಗುಣಿತಗಳನ್ನು ಜೋಡಿಸಿ ಕೂರಿಸುವ ಕೆಲಸವನ್ನು ಲಿನಕ್ಸ್ ಕರ್ನಲಿನ ಕಪ್ಪು ಪರದೆ ಮಾಡುವುದಿಲ್ಲ, ಗ್ರಬ್‌ನ ಪಟ್ಟಿಯೂ ಮಾಡುವುದಿಲ್ಲ. ಕರ್ನಲ್ ಎದ್ದು, ಸೇವೆಗಳೆಲ್ಲ ಶುರುವಾಗಿ, ಡೆಸ್ಕ್‌ಟಾಪ್ ಮೂಡಿದ ಮೇಲೆ ಕನ್ನಡದ ಸರದಿ.

ಇನ್ನು ಮೊಹರಿನ ವಿಷಯ. 2012ರಲ್ಲಿ ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಮನೆಮನೆಗೆ ಬಂತು. ಎಬ್ಬಿಸುವ ಫೈಲಿನ ಮೇಲೆ ನಂಬಿಕೆಯವರ ಡಿಜಿಟಲ್ ರುಜು ಇಲ್ಲದಿದ್ದರೆ ಫರ್ಮ್‌ವೇರ್ ಅದನ್ನು ಓಡಿಸುವುದಿಲ್ಲ. ಕರ್ನಲಿಗಿಂತ ಮೊದಲೇ ನುಸುಳಿ ಕೂರುವ ವೈರಸ್ಸುಗಳನ್ನು ತಡೆಯಲು ಇದು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬಹುತೇಕ ಪಿಸಿಗಳಲ್ಲಿ ಹುಟ್ಟಿನಿಂದಲೇ ಇರುವ ನಂಬಿಕೆಯ ಕೀಲಿ ಮೈಕ್ರೋಸಾಫ್ಟಿನದು. ಲಿನಕ್ಸ್‌ನವರು ಹೊರಗುಳಿಯಬಾರದೆಂದು ಮ್ಯಾಥ್ಯೂ ಗ್ಯಾರೆಟ್ 'ಶಿಮ್' ಎಂಬ ಚಿಕ್ಕ ಪ್ರೋಗ್ರಾಂ ಬರೆದರು. ಅದಕ್ಕೆ ಮೈಕ್ರೋಸಾಫ್ಟ್ ರುಜು ಹಾಕುತ್ತದೆ, ಶಿಮ್ ಗ್ರಬ್ಬನ್ನು ಪರೀಕ್ಷಿಸುತ್ತದೆ, ಆಮೇಲೆ ಕರ್ನಲಿನ ರುಜು ನೋಡುವುದಾಗುತ್ತದೆ. ದಲ್ಲಾಳಿಯಿಲ್ಲದೆ ಏಳಬಲ್ಲ ಕರ್ನಲಿಗೆ ಬಾಗಿಲಲ್ಲಿ ಮತ್ತೆ ಇಬ್ಬರು ದಲ್ಲಾಳಿಗಳು. 2024ರ ಆಗಸ್ಟಿನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಿರಸ್ಕರಿಸಿ, ಎರಡೂ ಸಿಸ್ಟಂ ಇದ್ದ ಅನೇಕರ ಲಿನಕ್ಸ್ ಏಳದೆ ಹೋದದ್ದು ಇದರಿಂದಲೇ. ಯಾರ ಹಂಗೂ ಬೇಡವೆಂದು ಮುಕ್ತ ತಂತ್ರಾಂಶ ಆರಿಸಿಕೊಂಡ ಶಾಲೆಯ ಬಾಗಿಲಲ್ಲೂ ಆ ಒಂದು ಹಂಗು ಉಳಿದಿದೆ. ಸೆಕ್ಯೂರ್ ಬೂಟನ್ನು ಬಂದ್ ಮಾಡಬಹುದು, ನಮ್ಮದೇ ಕೀಲಿಯನ್ನೂ ಸೇರಿಸಬಹುದು. ಹತ್ತಾರು ಲ್ಯಾಪ್‌ಟಾಪ್ ನೋಡಿಕೊಳ್ಳುವ ಮಾಷ್ಟ್ರಿಗೆ ಅದಕ್ಕೆ ಪುರುಸೊತ್ತು ಎಲ್ಲಿದೆ?

ಮನೆಯಲ್ಲಿ ಮಕ್ಕಳಿಗೆ ಶಾಲೆಯ ಲಿನಕ್ಸ್ ಹಾಕಿಸುವವರು ಎರಡು ವಿಷಯ ನೋಡಿಕೊಳ್ಳಿ. ವಿಂಡೋಸ್‌ನ ಸಿಸ್ಟಂ ಇನ್‌ಫರ್ಮೇಶನ್ ತೆರೆದು 'ಬಯಾಸ್ ಮೋಡ್' ಎದುರು ಏನಿದೆಯೋ ಅದೇ ಕ್ರಮದಲ್ಲಿ ಲಿನಕ್ಸ್ ಹಾಕಿಸಿ. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ವಿಂಡೋಸ್ ಅದನ್ನು ಕೇಳುವ ಸಾಧ್ಯತೆ ಬಹಳ.