ಊರಿಗೆ ಬಂದ ಉಪನ್ಯಾಸ

ಮೈಸೂರಿನ ಹಳೆ ಪುಸ್ತಕದಂಗಡಿಗಳಲ್ಲಿ ಒಮ್ಮೊಮ್ಮೆ ತೆಳುವಾದ ಪುಸ್ತಿಕೆಗಳು ಕೈಗೆ ಸಿಗುತ್ತವೆ. ಮಾಸಿದ ರಕ್ಷಾಪುಟ, ಮೈಸೂರು ವಿಶ್ವವಿದ್ಯಾನಿಲಯದ ಹೆಸರು, 'ಪ್ರಚಾರೋಪನ್ಯಾಸ ಮಾಲೆ' ಎಂಬ ಒಂದು ಸಾಲು. ಒಂದರಲ್ಲಿ ವಿಜ್ಞಾನ, ಇನ್ನೊಂದರಲ್ಲಿ ಆರೋಗ್ಯ, ಮತ್ತೊಂದರಲ್ಲಿ ಹಳಗನ್ನಡದ ಕವಿ. ಒಂದು ಸಂಜೆ ಕೂತರೆ ಓದಿ ಮುಗಿಸಬಹುದು. ಅಷ್ಟು ಚಿಕ್ಕದಾಗಿರುವುದಕ್ಕೆ ಕಾರಣವೂ ಇದೆ: ಇವು ಹುಟ್ಟಿದ್ದು ಮಾತಾಗಿ. ಪ್ರಾಧ್ಯಾಪಕರೊಬ್ಬರು ಯಾವುದೋ ಊರಿಗೆ ಹೋಗಿ, ಅಲ್ಲಿಯ ಜನರ ಮುಂದೆ ಮಾತಾಡಿ ಬಂದದ್ದನ್ನು ಆಮೇಲೆ ಅಚ್ಚು ಹಾಕಿಸಿದ್ದು.

1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಈ ಕೆಲಸವನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡಿತು. ಅದೇ ಬೆಳೆದು ಇಂದಿನ ಪ್ರಸಾರಾಂಗವಾಗಿದೆ. ಕುವೆಂಪು 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದಾಗ, ಮುಂದೆ 1969ರಲ್ಲಿ ದೇಜಗೌ ಅದೇ ಸ್ಥಾನಕ್ಕೆ ಬಂದಾಗ ಇದಕ್ಕೆ ಇನ್ನಷ್ಟು ಒತ್ತು ಸಿಕ್ಕಿತು. ಇದರ ಹಿಂದಿದ್ದ ಲೆಕ್ಕಾಚಾರ ಸರಳವಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತದವರೂ ತೆರಿಗೆ ಕಟ್ಟುತ್ತಾರೆ, ಅವರಿಗೂ ವಿದ್ಯೆಯಲ್ಲಿ ಪಾಲಿದೆ. ಅವರು ಬರಲಾರರು, ಆದ್ದರಿಂದ ನಾವು ಹೋಗಬೇಕು.

ಹೋಗುವುದೇನೂ ಸಲೀಸಾಗಿರಲಿಲ್ಲ. ಮೈಸೂರು ಜಿಲ್ಲೆಯದೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ತೆಗೆದುಕೊಂಡರೆ, ರೈಲು ನಿಲ್ಲುವುದು ಕೆ.ಆರ್. ನಗರದಲ್ಲಿ ಮಾತ್ರ. ಕಾವೇರಿಯ ನೆರೆಗೆ ನಲುಗಿದ ಎಡತೊರೆಯ ಬದಲು ಕಟ್ಟಿದ ಈ ಊರು ಮೈಸೂರು–ಹಾಸನ ರೈಲುದಾರಿಯ ಮೇಲಿದೆ. ಹುಣಸೂರು, ಪಿರಿಯಾಪಟ್ಟಣಗಳಿಗೆ ಮಡಿಕೇರಿ ರಸ್ತೆಯೇ ಗತಿ, ಕೋಟೆಗೆ ಮಾನಂದವಾಡಿ ರಸ್ತೆ. ಮಾತಾಡಲು ಬಂದವರಿಗೆ ವಾಪಸ್ ಬಸ್ಸಿನ ಚಿಂತೆ ಆಗಲೂ ಇತ್ತು, ಈಗಲೂ ಇದೆ.

ಆದರೆ ಕೂತು ಕೇಳುವ ಕಲೆಯನ್ನು ಈ ಸೀಮೆಗೆ ಯಾವ ಪ್ರಾಧ್ಯಾಪಕರೂ ಹೇಳಿಕೊಡಬೇಕಾಗಿರಲಿಲ್ಲ. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ ಮಂಟೇಸ್ವಾಮಿ ಪರಂಪರೆಯ ಕ್ಷೇತ್ರ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಕೂತರೆ ಕಥೆ ಇಡೀ ರಾತ್ರಿ ನಡೆಯುತ್ತದೆ; ಎಳೆಯರು ಅಲ್ಲಲ್ಲೇ ಮಲಗಿದರೂ ವಯಸ್ಸಾದವರು ಎದ್ದು ಕೂತಿರುತ್ತಾರೆ. ಜಗಲಿಯ ಮೇಲೆ ಕುಮಾರವ್ಯಾಸನ ಭಾರತ ಓದಿಸಿ, ಅರ್ಥ ಹೇಳಿಸಿ ಕೇಳುತ್ತಿದ್ದ ತಲೆಮಾರೂ ಇತ್ತು. ಓದು ಬಾರದವರು ಅಲ್ಲಿ ವಿದ್ಯಾರ್ಥಿಗಳಲ್ಲ, ವಿಮರ್ಶಕರು. ವಾಚನದಲ್ಲಿ ಪದ್ಯವೊಂದು ತಪ್ಪಿದರೆ ಮೊದಲು ಗೊತ್ತಾಗುತ್ತಿದ್ದುದು ಅವರಿಗೇ. ಹಿರಿಯರ ಕಲಿಕೆ ಎಂದ ಕೂಡಲೇ ಸ್ಲೇಟು, ಬಳಪ, ಹೆಬ್ಬೆಟ್ಟಿನ ಚಿತ್ರ ಮುಂದಿಡುವವರು ಈ ಮಾತನ್ನು ಮರೆಯುತ್ತಾರೆ.

ಸ್ಲೇಟು ಬಳಪದ ಚಳವಳಿಯೂ ನಡೆಯಿತು, ದೊಡ್ಡದಾಗಿಯೇ ನಡೆಯಿತು. 1940ರ ದಶಕದಲ್ಲಿ ಮೈಸೂರನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ಶಾಲೆಗಳನ್ನು ನಡೆಸಿತು. ಹೊಸದಾಗಿ ಅಕ್ಷರ ಕಲಿತವರಿಗಾಗಿ 'ಬೆಳಕು' ಎಂಬ ವಾರಪತ್ರಿಕೆ, ಓದಿನ ರುಚಿ ಹತ್ತಿದವರಿಗೆ 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆ ತಂದಿತು. ಅದೇ ಸಮಿತಿ ನಂಜನಗೂಡಿನಲ್ಲಿ ಆರಂಭಿಸಿದ ವಿದ್ಯಾಪೀಠದ ಹಿಂದೆ ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ ಇತ್ತು. ಗ್ರುಂಟ್‌ವಿ ಎಂಬ ಪಾದ್ರಿಯ ಯೋಚನೆಯಂತೆ 1844ರಲ್ಲಿ ಅಲ್ಲಿ ಮೊದಲ ಶಾಲೆ ತೆರೆದಿತ್ತು. ರೈತರ ಮಕ್ಕಳು ಅಲ್ಲಿಯೇ ಉಳಿದು ಚರಿತ್ರೆ, ಹಾಡು, ಬೇಸಾಯ ಎಲ್ಲವನ್ನೂ ಕಲಿಯುವುದು, ಪರೀಕ್ಷೆ ಮಾತ್ರ ಇಲ್ಲದಿರುವುದು ಅದರ ಜೀವಾಳ. ನಮ್ಮಲ್ಲಿ ಪರೀಕ್ಷೆ ಇಲ್ಲದ ಓದನ್ನು ಓದು ಎಂದು ಒಪ್ಪಿಸುವುದು ಇವತ್ತಿಗೂ ಕಷ್ಟ.

ಈಗ ಈ ನಾಲ್ಕು ತಾಲ್ಲೂಕುಗಳಲ್ಲಿ ಸಾರ್ವಜನಿಕ ಉಪನ್ಯಾಸವನ್ನು ಹೆಚ್ಚಾಗಿ ಬದುಕಿಸಿರುವುದು ದತ್ತಿ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಈ ಏರ್ಪಾಡು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ತಂದೆಯ ಹೆಸರಲ್ಲೋ ತಾಯಿಯ ಹೆಸರಲ್ಲೋ ಮಕ್ಕಳು ಒಂದಿಷ್ಟು ಹಣವನ್ನು ಪರಿಷತ್ತಿನಲ್ಲಿ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರತಿವರ್ಷ ಒಂದು ಉಪನ್ಯಾಸ. ವಿಷಯವನ್ನು ದಾನಿಗಳೇ ಸೂಚಿಸುತ್ತಾರೆ: ವಚನ ಸಾಹಿತ್ಯ, ಕುವೆಂಪು, ಜನಪದ, ರಂಗಭೂಮಿ. ಜಿಲ್ಲಾ ಅಥವಾ ತಾಲ್ಲೂಕು ಘಟಕ ಉಪನ್ಯಾಸಕರನ್ನು ಕರೆಸಿ ಸಭೆ ನಡೆಸುತ್ತದೆ. ತಿಥಿಯ ದಿನ ಊಟ ಹಾಕಿಸುತ್ತಿದ್ದ ಕುಟುಂಬ ಅದರ ಜೊತೆಗೆ ಒಂದು ಮಾತನ್ನೂ ಕೇಳಿಸುತ್ತದೆ. ನನಗೆ ಇದು ಬಹಳ ಒಪ್ಪಿಗೆಯಾದ ಪಿತೃಕಾರ್ಯ.

ಲೆಕ್ಕ ಮಾತ್ರ ಕೈಕೊಡುತ್ತಿದೆ. ಹತ್ತು ಸಾವಿರ ರೂಪಾಯಿಯ ಹಳೆಯ ದತ್ತಿಗೆ ಶೇಕಡ 6ರ ಬಡ್ಡಿ ಬಂದರೆ ವರ್ಷಕ್ಕೆ 600 ರೂಪಾಯಿ. ಮೈಸೂರಿನಿಂದ ಪಿರಿಯಾಪಟ್ಟಣಕ್ಕೆ ಸುಮಾರು 70 ಕಿಲೋಮೀಟರ್. ಬರುವವರ ಕಾರಿನ ಪೆಟ್ರೋಲಿಗೇ ಅದು ಸಾಲದು, ಇನ್ನು ಹಾರ, ಶಾಲು, ಮೈಕು, ಕಾಫಿ ಎಲ್ಲಿಂದ? ಹಾಗಾಗಿ ಮೂರು ನಾಲ್ಕು ದತ್ತಿಗಳನ್ನು ಒಟ್ಟು ಸೇರಿಸಿ ಒಂದೇ ಸಭೆಯಲ್ಲಿ ಮುಗಿಸುವುದುಂಟು. ಅಕ್ಕಮಹಾದೇವಿಯಿಂದ ಹೊರಟ ಬೆಳಗ್ಗೆ ಸಾವಯವ ಗೊಬ್ಬರಕ್ಕೆ ಬಂದು ನಿಲ್ಲುತ್ತದೆ. ಖರ್ಚು ಉಳಿಸಲು ಸಭೆಯನ್ನು ಕಾಲೇಜಿನಲ್ಲೇ ಇಡುತ್ತಾರೆ: ಜಾಗ ಪುಕ್ಕಟೆ, ಕುರ್ಚಿ ಇವೆ, ಎದುರಿಗೆ ಕೂರಿಸಲು ಹುಡುಗರೂ ಇದ್ದಾರೆ. ಬೆಳಗ್ಗೆ ಹನ್ನೊಂದಕ್ಕೆ ಶುರು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅತಿಥಿಗಳ ಎರಡೆರಡು ಮಾತು ಮುಗಿದು ಉಪನ್ಯಾಸಕರು ಮೈಕಿನ ಮುಂದೆ ಬರುವ ಹೊತ್ತಿಗೆ ಊಟದ ಬೆಲ್ಲು.

ಇಲ್ಲಿ ಕಳೆದುಹೋದವರು ಯಾರೆಂದರೆ ನಿಜವಾಗಿ ಕೇಳಬೇಕೆಂದಿದ್ದವರು. ಹಾಜರಿಗಾಗಿ ಕೂತ ಹುಡುಗರ ಹಿಂದೆ, ಕೊನೆಯ ಸಾಲಿನಲ್ಲಿ ನಿವೃತ್ತ ಮೇಷ್ಟ್ರುಗಳು ನಾಲ್ಕೈದು ಜನ ಕಾಣುತ್ತಾರೆ. ಪ್ರಶ್ನೆ ಇಟ್ಟುಕೊಂಡು ಬಂದವರು ಅವರು. ಪ್ರಶ್ನೋತ್ತರಕ್ಕೆ ವೇಳೆ ಇರುವುದಿಲ್ಲ. ಅವರು ಬಿಟ್ಟರೆ ಆ ವಯಸ್ಸಿನ ಬೇರೆ ಯಾರೂ ಅಲ್ಲಿ ಇಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ಊರಿಗೆ ಹೋಗಬೇಕಾದ ಉಪನ್ಯಾಸ ಕಾಲೇಜಿನ ಗೇಟಿನೊಳಗೆ ನಿಂತುಬಿಟ್ಟಿದೆ ಎನ್ನುವುದೇ ನನ್ನ ತಕರಾರು.

ಕಾಲದ ಲೆಕ್ಕವೂ ತಪ್ಪಿದೆ. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಸೊಪ್ಪು ಕಿತ್ತು ಬ್ಯಾರನ್‌ಗೆ ಏರಿಸಿದ ಮೇಲೆ ರಾತ್ರಿಯಿಡೀ ಬೆಂಕಿಯ ಮುಂದೆ ಒಬ್ಬರು ಕಾವಲಿರಬೇಕು, ಶಾಖ ಹೆಚ್ಚುಕಮ್ಮಿಯಾದರೆ ವರ್ಷದ ದುಡಿಮೆ ಬೂದಿ. ಎಷ್ಟೋ ಮನೆಗಳಲ್ಲಿ ಆ ಕಾವಲಿಗೆ ಕೂರುವುದು ವಯಸ್ಸಾದವರೇ. ಮಳೆಗಾಲದ ಆ ತಿಂಗಳುಗಳಲ್ಲಿ, ಆಮೇಲೆ ಹರಾಜು ನಡೆಯುವ ದಿನಗಳಲ್ಲಿ ಉಪನ್ಯಾಸಕ್ಕೆ ಬನ್ನಿ ಎಂದರೆ ಯಾರು ಬಂದಾರು? ಕೆ.ಆರ್. ನಗರದ ಭತ್ತದ ಗದ್ದೆಗಳಿಗೆ ಇನ್ನೊಂದು ಲೆಕ್ಕ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ, ಶಿವರಾತ್ರಿಯ ಆಸುಪಾಸಿನಲ್ಲಿ ಕಪ್ಪಡಿ ಜಾತ್ರೆ. ಕಣ ಬರಿದಾಗಿ, ಕೈ ಬಿಡುವಾಗಿ, ಜನ ತಾವಾಗಿಯೇ ಸೇರುವ ಕಾಲ ಅದು. ಹರಿಕಥೆ, ನಾಟಕದವರಿಗೆ ಇದು ತಲೆಮಾರುಗಳಿಂದ ಗೊತ್ತು. ಉಪನ್ಯಾಸ ಏರ್ಪಡಿಸುವವರು ಮಾತ್ರ ಕಾಲೇಜಿನ ವೇಳಾಪಟ್ಟಿ ನೋಡುತ್ತಾರೆ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಬೇರೊಂದು ಬಗೆಯ ಸಭೆಯನ್ನು ನೋಡಬಹುದು. ಬೈಲುಕುಪ್ಪೆಯ ಟಿಬೆಟನ್ನರ ನೆಲೆ 1960ರ ದಶಕದ ಮೊದಲಲ್ಲಿ ಆದದ್ದು. ನಮ್ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ. ಅಲ್ಲಿ ಧರ್ಮಬೋಧನೆ ಇದ್ದ ದಿನ ಜಪಮಣಿ ಹಿಡಿದ ಮುದುಕ ಮುದುಕಿಯರು ಬೆಳಗ್ಗೆಯೇ ಬಂದು ಚಾಪೆ ಹಾಸಿ ಕೂರುತ್ತಾರೆ. ಬೋಧನೆ ಗಂಟೆಗಟ್ಟಲೆ ನಡೆಯುತ್ತದೆ, ನಡುವೆ ಬೆಣ್ಣೆ ಹಾಕಿದ ಚಹಾ ಬರುತ್ತದೆ. ವಯಸ್ಸಾಯಿತೆಂದು ಯಾರೂ ಕಲಿಕೆಯಿಂದ ನಿವೃತ್ತರಾಗಿಲ್ಲ. ಅದು ಧರ್ಮಶ್ರದ್ಧೆ, ಇದಕ್ಕೂ ಅದಕ್ಕೂ ಹೋಲಿಕೆ ಸಲ್ಲದು ಎನ್ನಬಹುದು. ಆದರೆ ಚಾಪೆ, ಚಹಾ, ಸಾವಕಾಶ ಇವು ಮೂರಕ್ಕೆ ಶ್ರದ್ಧೆ ಬೇಕಾಗಿಲ್ಲ.

ಎಚ್.ಡಿ. ಕೋಟೆಯ ಕಡೆ ಮಾತಿನ ದಿಕ್ಕೇ ತಿರುಗಿದೆ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ವೈದ್ಯ ವಿದ್ಯಾರ್ಥಿ ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇಲ್ಲಿಯ ಕಾಡಂಚಿನ ಹಾಡಿಗಳಲ್ಲಿ ಆಸ್ಪತ್ರೆ, ಶಾಲೆಗಳ ಕೆಲಸ ಮಾಡಿಕೊಂಡು ಬಂದಿದೆ. ಹಿಂದೆ ಕೋಟೆ ತಾಲ್ಲೂಕಿಗೇ ಸೇರಿದ್ದ ಸರಗೂರಿನಿಂದ ಅದು ನಡೆಸುವ 'ಜನಧ್ವನಿ' ಸಮುದಾಯ ಬಾನುಲಿ 90.8ರಲ್ಲಿ ಕೇಳುತ್ತದೆ. ಕಣ್ಣು ಮಂಜಾದವರಿಗೆ, ನಡೆಯಲಾರದವರಿಗೆ ರೇಡಿಯೊಗಿಂತ ಹತ್ತಿರದ ಸಭಾಂಗಣ ಇನ್ನೊಂದಿಲ್ಲ. ಸಮುದಾಯ ಬಾನುಲಿಯ ಗುಣವೇನೆಂದರೆ ಅದರಲ್ಲಿ ಮಾತಾಡುವವರೂ ಅದೇ ಸೀಮೆಯವರು. ಜೇನು ಕುರುಬರ ಹಿರಿಯರೊಬ್ಬರಿಗೆ ಕಾಡಿನ ಮರ, ಜೇನು, ಗೆಡ್ಡೆಗಳ ಬಗ್ಗೆ ಯಾವ ಉಪನ್ಯಾಸಕರು ಹೇಳಿಕೊಡಬಲ್ಲರು? ಅಲ್ಲಿ ಮೈಕು ಅವರ ಕೈಗೆ ಹೋಗಬೇಕು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದರು ಎಂಬುದು ನೆನಪಾಗುತ್ತದೆ. ಈ ಜಿಲ್ಲೆಗೆ ರೇಡಿಯೊ ಬಂದದ್ದೇ ಒಬ್ಬ ಮೇಷ್ಟ್ರ ಹಟದಿಂದ.

ಕಲಿಸುವವರೂ ಕಲಿಯುವವರೂ ಹಿರಿಯರೇ ಆಗಿರುವ ಪದ್ಧತಿ ಹೊರಗೂ ಇದೆ. ಫ್ರಾನ್ಸಿನ ತುಲೂಸ್‌ನಲ್ಲಿ 1973ರಲ್ಲಿ ಪಿಯರ್ ವೆಲ್ಲಾಸ್ 'ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ' ತೆರೆದರು. ಅದು 1980ರ ದಶಕದಲ್ಲಿ ಇಂಗ್ಲೆಂಡಿಗೆ ಬಂದಾಗ ಪ್ರಾಧ್ಯಾಪಕರನ್ನೇ ಕೈಬಿಟ್ಟಿತು: ನಿವೃತ್ತ ಎಂಜಿನಿಯರು ಗಡಿಯಾರದ ಬಗ್ಗೆ ಹೇಳಿದರೆ ನಿವೃತ್ತ ದಾದಿ ಹಕ್ಕಿಗಳ ಬಗ್ಗೆ ಹೇಳುತ್ತಾಳೆ, ಯಾರಿಗೂ ಸಂಬಳವಿಲ್ಲ. ನಮ್ಮ ತಾಲ್ಲೂಕುಗಳ ನಿವೃತ್ತ ನೌಕರರ ಸಂಘಗಳಿಗೆ ಇದು ನಾಳೆಯೇ ಸಾಧ್ಯ. ಈಗ ಅಲ್ಲಿ ಹೆಚ್ಚು ಚರ್ಚೆಯಾಗುವುದು ತುಟ್ಟಿಭತ್ಯೆ. ಅದೂ ಬೇಕು, ಬೇಡವೆನ್ನುವುದಿಲ್ಲ. ಪದವಿಯೇ ಬೇಕೆನ್ನುವವರಿಗೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಜಾಗದ ಮಾತಿಗೆ ಬಂದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿದೆ. ಪೇಪರ್ ಓದಲು ಬೆಳಗ್ಗೆ ಹಿರಿಯರು ಬರುವ ಜಾಗವೇ ಅದು. ಇಪ್ಪತ್ತು ಜನ ಕೂತರೆ ತುಂಬುತ್ತದೆ, ಇಪ್ಪತ್ತು ಜನ ಸಾಕು. ತಾಲ್ಲೂಕು ಕೇಂದ್ರಕ್ಕೇ ಬರಬಲ್ಲ ಅಜ್ಜಿಯರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅವರು ಧರ್ಮಸ್ಥಳಕ್ಕೆ, ಚಾಮುಂಡಿಬೆಟ್ಟಕ್ಕೆ ಗುಂಪಾಗಿ ಹೋಗಿಬರುವುದನ್ನು ನೋಡಿದ್ದೇವೆ. ಮಧ್ಯಾಹ್ನ ಮೂರಕ್ಕೆ ಶುರುವಾಗಿ ಐದರ ಬಸ್ಸಿಗೆ ಬಿಡುವ ಸಭೆಗೂ ಅವರನ್ನು ಕರೆಯಬಹುದು. ಮೊಣಕಾಲು, ಸಕ್ಕರೆ ಕಾಯಿಲೆ, ಆಸ್ತಿ ಪತ್ರ, ಮೊಬೈಲಿನಲ್ಲಿ ದುಡ್ಡು ಕಳೆದುಕೊಳ್ಳದಿರುವ ಬಗೆ ಹೇಳಿ, ಜೊತೆಗೆ ಒಂದು ಪದ್ಯವನ್ನೂ ಓದಿ.

ಹೊಸದಾಗಿ ದತ್ತಿ ಇಡುವ ಯೋಚನೆಯಲ್ಲಿರುವವರಿಗೆ ಒಂದು ಮನವಿ. ವಿಷಯ ಬರೆಸುವಾಗ ಪರಿಷತ್ತಿನವರೊಡನೆ ಕೂತು ಇನ್ನೆರಡು ಸಾಲು ಸೇರಿಸಲು ಕೇಳಿ: ಉಪನ್ಯಾಸ ಸಂಕ್ರಾಂತಿಗೂ ಯುಗಾದಿಗೂ ನಡುವೆ ನಡೆಯಬೇಕು, ತಾಲ್ಲೂಕಿನ ಯಾವುದಾದರೂ ಒಂದು ಹಳ್ಳಿಯಲ್ಲಿ, ವರ್ಷಕ್ಕೊಂದು ಊರಿನಂತೆ ನಡೆಯಬೇಕು. ಹಾರ, ಶಾಲು ಬೇಡವೆಂದೂ ಬರೆಸಿದರೆ ಆ ದುಡ್ಡಿನಲ್ಲಿ ಉಪನ್ಯಾಸಕರನ್ನು ಬಸ್‌ಸ್ಟ್ಯಾಂಡಿನಿಂದ ಹಳ್ಳಿಗೆ ಆಟೋದಲ್ಲಿ ಕರೆದುಕೊಂಡು ಹೋಗಬಹುದು.