ಎಂಟು ಮಿಲಿಮೀಟರಿನಿಂದ ಆರೂವರೆ ಇಂಚಿಗೆ

2024ರ ಏಪ್ರಿಲ್ 3ರ ಸಂಜೆ, ಇಂಡಿ ತಾಲೂಕಿನ ಲಚ್ಯಾಣದ ಹೊಲವೊಂದರಲ್ಲಿ ಎರಡು ವರ್ಷದ ಆಸುಪಾಸಿನ ಗಂಡುಮಗು ಹೊಸದಾಗಿ ಕೊರೆಸಿದ ಬೋರಿನೊಳಗೆ ಬಿತ್ತು. ಸುಮಾರು ಹದಿನಾರು ಅಡಿ ಆಳದಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಇಳಿಬಿಟ್ಟಾಗ ಪುಟ್ಟ ಕಾಲು ಅಲುಗಾಡಿದ್ದು ಕಂಡಿತು. ಆಮ್ಲಜನಕದ ನಳಿಗೆ ಇಳಿಸಿದರು. ಪಕ್ಕದಲ್ಲೇ ಗುಂಡಿ ತೋಡತೊಡಗಿದರು. ಗಟ್ಟಿ ಬಂಡೆ ಅಡ್ಡ ಬಂತು. ರಾತ್ರಿಯೆಲ್ಲ ಒಡೆದು, ಅಡ್ಡಡ್ಡ ಕೊರೆದು, ಮರುದಿನ ಮಧ್ಯಾಹ್ನ ಮಗುವನ್ನು ಜೀವಂತವಾಗಿ ಹೊರತಂದಾಗ ಸುಮಾರು ಇಪ್ಪತ್ತು ಗಂಟೆ ಕಳೆದಿತ್ತು.

ಕ್ಯಾಮೆರಾ ಮುಟ್ಟಿದ ಜಾಗವನ್ನು ಕೈ ಮುಟ್ಟಲಾಗಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇದೇ ತೊಡಕನ್ನು ಬಿಡಿಸಿ ದಶಕಗಳಾದವು. ಹೊಟ್ಟೆ ಕೊಯ್ಯದೆ ಸಣ್ಣ ರಂಧ್ರದಿಂದ ಪಿತ್ತಕೋಶ ತೆಗೆಯುವುದು ಈಗ ಯಾರಿಗೂ ಬೆರಗಿನ ಸುದ್ದಿಯಲ್ಲ. 2000ದಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ ಡಾ ವಿಂಚಿ ರೋಬಾಟು ಆ ರಂಧ್ರದೊಳಗೆ ಒಂದು ಮಣಿಕಟ್ಟನ್ನೇ ಕಳಿಸಿತು. ಅದರ ಉಪಕರಣದ ದಪ್ಪ ಸಾಮಾನ್ಯವಾಗಿ ಎಂಟು ಮಿಲಿಮೀಟರ್. ತುದಿಯ ಇಕ್ಕಳ ಬೇಕಾದ ಕಡೆಗೆ ಬಾಗುತ್ತದೆ, ಬಾಗಿಸುವ ಮೋಟಾರು ಮಾತ್ರ ದೇಹದ ಹೊರಗೇ ಇರುತ್ತದೆ. ನಡುವೆ ಇರುವುದು ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಗಳನ್ನು ಹೊಸೆದ ಹಗ್ಗ ಮತ್ತು ಸಣ್ಣ ರಾಟೆಗಳು. ಸರ್ಜನ್ನರ ಕೈನಡುಕವನ್ನು ಕಂಪ್ಯೂಟರು ಸೋಸಿಬಿಡುತ್ತದೆ.

ನಮ್ಮ ಕಡೆಯ ಬೋರಿನ ಸಾಮಾನ್ಯ ಅಗಲ ಆರೂವರೆ ಇಂಚು, ಅಂದರೆ 165 ಮಿಲಿಮೀಟರ್. ಆಪರೇಷನ್ನಿನ ರಂಧ್ರಕ್ಕಿಂತ ಇಪ್ಪತ್ತು ಪಟ್ಟು ಅಗಲ! ಆದರೂ ಆ ಉಪಕರಣವನ್ನು ಹಾಗೇ ಇಳಿಬಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಕೊಳವೆಯನ್ನು ಮಗುವೇ ತುಂಬಿಕೊಂಡಿರುತ್ತದೆ, ಸುತ್ತ ಉಳಿಯುವ ಸಂದು ಬೆರಳಗಲ. ಆಪರೇಷನ್ನಿನಲ್ಲಿ ರೋಬಾಟಿನ ಭಾರವಾದ ತೋಳು ಉಪಕರಣವನ್ನು ಅಲುಗದಂತೆ ಹಿಡಿದಿರುತ್ತದೆ, ರಂಧ್ರವೇ ತಿರುಗುವ ಬಿಂದುವಾಗುತ್ತದೆ. ಬೋರಿನಲ್ಲಿ ಹಗ್ಗಕ್ಕೆ ತೂಗುಬಿಟ್ಟ ಯಂತ್ರ ಗಿರಗಿರನೆ ತಿರುಗುತ್ತದೆ; ಕಾಲು ಚಾಚಿ ಕೊಳವೆಯ ಗೋಡೆಗೆ ಒತ್ತಿ ನಿಂತ ಮೇಲೆಯೇ ಕೈ ಆಡಿಸಲು ಸಾಧ್ಯ. ಹದಿನಾರು ಅಡಿ ಉದ್ದದ ತಂತಿಯನ್ನು ಮೇಲಿನಿಂದ ಎಳೆದರೆ ತಂತಿ ಹಿಗ್ಗಿ, ಎಳೆತದ ಒಂದು ಪಾಲು ದಾರಿಯಲ್ಲೇ ಕರಗುತ್ತದೆ. ಹಾಗಾಗಿ ಮೋಟಾರೂ ಕೆಳಗಿಳಿಯಬೇಕು. ಇಳಿದರೆ ಮಣ್ಣು, ಬಂಡೆಯ ಪುಡಿ, ತೇವ. ರಾಟೆಯ ಸಂದಿಗೆ ಒಂದು ಹರಳು ಹೊಕ್ಕರೂ ಸಾಕು.

ಸರ್ಜರಿಯ ರೋಬಾಟು ಹವಾನಿಯಂತ್ರಿತ ಕೋಣೆಯಿಂದ ಹೊರಬಂದದ್ದು ಈಗಾಗಲೇ ಉಂಟು. 2006ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಮ್ಮ 'ರೇವನ್' ರೋಬಾಟನ್ನು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯ ಒಣ ಬಯಲಿಗೆ ಒಯ್ದು, ಜನರೇಟರಿನ ಕರೆಂಟಿನಲ್ಲಿ ನಡೆಸಿದರು. ಸರ್ಜನ್ ಒಂದು ಡೇರೆಯಲ್ಲಿ, ರೋಬಾಟು ಇನ್ನೊಂದರಲ್ಲಿ. ಎರಡರ ನಡುವಿನ ಸಂಪರ್ಕವನ್ನು ಪೈಲಟ್ ಇಲ್ಲದ ಪುಟ್ಟ ವಿಮಾನ ದಾಟಿಸುತ್ತಿತ್ತು. ಫ್ಲೋರಿಡಾದ ಕಡಲಡಿಯ ಅಕ್ವೇರಿಯಸ್ ವಸತಿಯಲ್ಲೂ ಇಂಥ ಪ್ರಯೋಗಗಳಾದವು. ಲಚ್ಯಾಣದ ಘಟನೆಗೆ ಎರಡು ತಿಂಗಳ ಹಿಂದೆ, 2024ರ ಫೆಬ್ರುವರಿ 10ರಂದು, ನೆಬ್ರಾಸ್ಕಾದಲ್ಲಿ ಕುಳಿತ ಸರ್ಜನ್ನರು ಸುಮಾರು 400 ಕಿಲೋಮೀಟರ್ ಎತ್ತರದ ಅಂತರಿಕ್ಷ ನಿಲ್ದಾಣದಲ್ಲಿದ್ದ 'ಸ್ಪೇಸ್‌ಮೀರಾ' ರೋಬಾಟಿನಿಂದ ರಬ್ಬರ್ ಬ್ಯಾಂಡುಗಳನ್ನು ಕತ್ತರಿಸಿದರು. ಅದರ ತೂಕ ಒಂದು ಕಿಲೋ ಒಳಗೆ. ಸರ್ಜನ್ನರ ಕೈ ಆಡಿದ್ದಕ್ಕೂ ಅಲ್ಲಿ ಕತ್ತರಿ ಆಡಿದ್ದಕ್ಕೂ ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿತ್ತು. ಆಕಾಶಕ್ಕೆ ಹೋದ ಕೈ ನೆಲದೊಳಕ್ಕೆ ಹದಿನಾರು ಅಡಿ ಇಳಿಯಬಾರದೇಕೆ ಎಂಬುದು ನ್ಯಾಯವಾದ ಪ್ರಶ್ನೆ.

ಬೋರಿಗೆಂದೇ ಯಂತ್ರ ಮಾಡಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಮಧುರೈನ ಎಂ. ಮಣಿಕಂಡನ್ ಅವರ ರೋಬಾಟು 2014ರ ಏಪ್ರಿಲ್‌ನಲ್ಲಿ ತಿರುನೆಲ್ವೇಲಿ ಜಿಲ್ಲೆಯ ಮಗುವೊಂದನ್ನು ಜೀವಂತ ಮೇಲೆತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಗೂ ಅದು ಬಂದಿತ್ತು, ಆದರೆ ಅಲ್ಲಿನ ಬಾಲಕ ಉಳಿಯಲಿಲ್ಲ. ಆ ವರ್ಷದ ಜೂನ್‌ನಲ್ಲಿ ವಿಜಯಪುರದ ನಾಗಠಾಣವೂ ಹೀಗೇ ಒಂದು ಹೆಣ್ಣುಮಗುವನ್ನು ಕಳೆದುಕೊಂಡಿತ್ತು. ಬೋರಿನ ಬಾಯಿಗೆ ಉಕ್ಕಿನ ಮುಚ್ಚಳ ಬಿಗಿಯಬೇಕು, ಬಿಟ್ಟುಹೋದ ಬೋರನ್ನು ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಯಾವ ರೋಬಾಟೂ ಆ ಮುಚ್ಚಳಕ್ಕೆ ಸಮನಲ್ಲ, ಇದನ್ನು ನಾನು ಅಡಿಗೆರೆ ಎಳೆದು ಹೇಳುತ್ತೇನೆ.

ಆದರೂ ಮಗು ಬಿದ್ದೇಬಿಟ್ಟ ಮೇಲೆ ಬೇಕಾಗುವುದು ಮುಟ್ಟಿದ್ದು ತಿಳಿಯುವ ಕೈ. ಸಿಕ್ಕಿಕೊಂಡ ಎಳೆಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಮೂಳೆ ಮುರಿಯುತ್ತದೆ. ಆಸ್ಪತ್ರೆಯ ರೋಬಾಟಿಗೂ ಬಹುಕಾಲ ಈ ಕುಂದಿತ್ತು: ದಾರ ಎಳೆದಾಗ ಎಷ್ಟು ಬಿಗಿಯಾಯಿತು ಎಂಬುದನ್ನು ಸರ್ಜನ್ನರು ಕಣ್ಣಿನಿಂದಲೇ ಅಂದಾಜು ಮಾಡುತ್ತಿದ್ದರು. 2024ರ ಮಾರ್ಚ್‌ನಲ್ಲಿ ಮಂಜೂರಾದ ಡಾ ವಿಂಚಿ 5ರಲ್ಲಿ ಆ ಒತ್ತಡವನ್ನು ಅಳೆದು ಕೈಗೆ ಮರಳಿಸುವ ಉಪಕರಣಗಳು ಬಂದವು. ಬೋರಿನ ಕೈಗೆ ಮೊದಲು ಎರವಲು ತರಬೇಕಾದದ್ದು ಇದನ್ನೇ.

ಧೂಳಿಗೆ ಮದ್ದು ಬೆಂಗಳೂರಿನಲ್ಲಿ ಸಿಕ್ಕೀತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಕೆ. ಅನಂತಸುರೇಶ್ ಅವರು ಬಹುಕಾಲದಿಂದ ಕೀಲಿಲ್ಲದ, ಬಳುಕಿಯೇ ಕೆಲಸ ಮಾಡುವ ಯಂತ್ರಾಂಗಗಳನ್ನು ಅಧ್ಯಯನ ಮಾಡುತ್ತಿದ್ದಾರೆ. ಮುಳ್ಳು ಕೀಳುವ ಚಿಮಟವನ್ನು ನೋಡಿ: ತಿರುಪಿಲ್ಲ, ಕೀಲಿಲ್ಲ, ಒಂದೇ ತಗಡು ಬಾಗಿ ಹಿಡಿಯುತ್ತದೆ. ಹೀಗೆ ಮಾಡಿದ ಇಕ್ಕಳದಲ್ಲಿ ಹರಳು ಸಿಕ್ಕಿಕೊಳ್ಳಲು ಸಂದಿಯೇ ಇರುವುದಿಲ್ಲ, ಎಣ್ಣೆಯೂ ಬೇಡ. ಎಷ್ಟು ಬಾಗಿತು ಎಂದು ಅಳೆದರೆ ಎಷ್ಟು ಒತ್ತಿತು ಎಂಬುದೂ ಗೊತ್ತಾಗುತ್ತದೆ.

ಪರೀಕ್ಷೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ನೀರು ಬಾರದ ಬೋರುಗಳೇ ಸಾಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಮಳೆಗಾಲದ ಕೆಸರು, ಜನರೇಟರಿನ ಏರಿಳಿಯುವ ಕರೆಂಟು ಎಲ್ಲವೂ ಇಲ್ಲಿವೆ. ಒತ್ತಡ ಅಳೆಯುವ ಗೊಂಬೆಯೊಂದನ್ನು ತಲೆಕೆಳಗಾಗಿ ಇಳಿಸಿ, ಅದರ ಕಾಲಿಗೆ ಪಟ್ಟಿ ತೊಡಿಸಿ ಎತ್ತಿ ನೋಡಬೇಕು. ಯಂತ್ರ ನಡೆಸುವವರು ಅಗ್ನಿಶಾಮಕ ಠಾಣೆಯ ಸಿಬ್ಬಂದಿ. ದಪ್ಪ ಕೈಗವಸು ತೊಟ್ಟೂ ಹಿಡಿಯಬಹುದಾದ ಹಿಡಿಕೆ ಅವರಿಗೆ ಬೇಕು. ವಿಜಯಪುರದ ಮಕ್ಕಳ ವೈದ್ಯರೊಬ್ಬರು ಅದೇ ಕ್ಯಾಮೆರಾದ ಚಿತ್ರವನ್ನು ಫೋನಿನಲ್ಲಿ ನೋಡುತ್ತ, ಎಳೆಯಬಹುದೋ ತಡೆಯಬೇಕೋ ಎಂದು ಹೇಳಬಹುದು. ಆ ಮಾತು ಒಂದೆರಡು ಸೆಕೆಂಡು ತಡವಾಗಿ ಬಂದರೂ ತೊಂದರೆಯಿಲ್ಲ, ಕೈ ಆಡಿಸುವವರು ಬೋರಿನ ಬಾಯಲ್ಲೇ ಇರುತ್ತಾರೆ.