ಕಡಲೆಕಾಯಿ ಸಿಪ್ಪೆಯ ಎರಡು ಹಳದಿಗಳು

ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ನಡೆದವರಿಗೆ ಕಾಲಡಿಯ ಆ ಚರಪರ ಸದ್ದು ನೆನಪಿರಬೇಕು. ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣಗಳ ಸೀಮೆಯಿಂದಲೂ ಬಂದು ಬೀಳುವ ಕಡಲೆಕಾಯಿಯ ಬೀಜ ಜನರ ಬಾಯಿ ಸೇರುತ್ತದೆ. ಸಿಪ್ಪೆ ಬೀದಿ ಸೇರುತ್ತದೆ. ಕಾಯಿಯ ತೂಕದಲ್ಲಿ ಸುಮಾರು ಕಾಲುಭಾಗ ಈ ಸಿಪ್ಪೆಯೇ. ಊರಿನಲ್ಲಾದರೆ ಅದು ಒಲೆಗೆ ಇಲ್ಲವೆ ತಿಪ್ಪೆಗೆ ಸಲ್ಲುತ್ತದೆ.

ಈಚೆಗೆ ಮಾಗಡಿ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಸ್ವಾಮಿ, ಈ ಸಿಪ್ಪೆಯಲ್ಲಿ ಔಷಧಿ ಇದೆಯಂತಲ್ಲ, ಕಷಾಯ ಮಾಡಿ ಕುಡಿಯಬಹುದೆ?” ಮೊದಲ ಮಾತಿನಲ್ಲಿ ನಿಜವುಂಟು. ಎರಡನೆಯದಕ್ಕೆ ಬೇಡವೆಂದೆ. ಏಕೆಂಬುದನ್ನು ತುಸು ವಿವರಿಸಬೇಕು.

ಕಡಲೆಕಾಯಿಯ ಗಿಡ ಹೂ ಬಿಡುವುದು ಬೆಳಕಿನಲ್ಲಿ. ಕಾಯಿ ಕಟ್ಟುವುದು ಮಣ್ಣಿನೊಳಗೆ. ಅಲ್ಲಿ ಬೂಷ್ಟು, ಹುಳು, ತೇವ ಎಲ್ಲವೂ ಉಂಟು. ಓಡಿಹೋಗಲಾರದ ಗಿಡ ಸಿಪ್ಪೆಯಲ್ಲಿ ಕೆಲವು ರಾಸಾಯನಿಕಗಳನ್ನು ಕೂಡಿಡುತ್ತದೆ. ಅವುಗಳಲ್ಲಿ ಮುಖ್ಯವಾದುದು ಲ್ಯೂಟಿಯೊಲಿನ್. ಕಾಯಿ ಬಲಿತಂತೆ ಇದೂ ಹೆಚ್ಚುತ್ತದೆ. ಲ್ಯಾಟಿನ್ನಿನಲ್ಲಿ ‘ಲೂಟಿಯಸ್’ ಎಂದರೆ ಹಳದಿ. ಇದೇ ವಸ್ತುವಿರುವ ವೆಲ್ಡ್ ಎಂಬ ಗಿಡದಿಂದ ಯೂರೋಪಿನವರು ಶತಮಾನಗಳ ಕಾಲ ರೇಷ್ಮೆಗೆ ಹಳದಿ ಬಣ್ಣ ಕಟ್ಟುತ್ತಿದ್ದರು. ರೇಷ್ಮೆಗೂಡಿನ ಪೇಟೆಯಾದ ರಾಮನಗರದ ಆಸುಪಾಸಿನಲ್ಲೇ ಆ ಹಳದಿ ಒಲೆಗೆ ಬೀಳುತ್ತಿದೆಯೆಂಬುದು ನನಗೊಂದು ಸೋಜಿಗ.

ಪ್ರಯೋಗಶಾಲೆಯ ಗಾಜಿನ ತಟ್ಟೆಗಳಲ್ಲಿ, ಇಲಿಗಳಲ್ಲಿ ಲ್ಯೂಟಿಯೊಲಿನ್ ಉರಿಯೂತವನ್ನು ತಗ್ಗಿಸಿರುವುದು, ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದಿರುವುದು ಕಂಡುಬಂದಿದೆ. ಆದರೆ ಗಾಜಿನ ತಟ್ಟೆಗೆ ಕರುಳಿಲ್ಲ, ಯಕೃತ್ತಿಲ್ಲ. ಈ ವಸ್ತು ನೀರಿನಲ್ಲಿ ಸರಿಯಾಗಿ ಕರಗದು. ಕಷಾಯಕ್ಕೆ ಇಳಿಯುವುದೇ ಅಲ್ಪ. ಕರುಳು ಹೀರಿದಷ್ಟನ್ನೂ ದೇಹ ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಸಿಪ್ಪೆಯ ಕಷಾಯದಿಂದ ಇಂಥ ರೋಗ ಗುಣವಾಯಿತೆಂದು ರೋಗಿಗಳಲ್ಲಿ ಪರೀಕ್ಷಿಸಿ ಸ್ಥಾಪಿಸಿದ್ದಿಲ್ಲ.

ಇನ್ನೊಂದು ಹಳದಿಯ ಕಥೆ ಕಹಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕದ್ದು ಬ್ರೆಜಿಲ್ಲಿನಿಂದ ಬಂದ ಕಡಲೆಕಾಯಿ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉಗುಳಿದ ಅಫ್ಲಟಾಕ್ಸಿನ್ ಎಂಬ ವಿಷ. ‘ಫ್ಲೇವಸ್’ ಎಂದರೂ ಲ್ಯಾಟಿನ್ನಿನಲ್ಲಿ ಹಳದಿಯೇ! ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಈ ವಿಷ ನೀರಿನಲ್ಲಿ ಕುದಿಸಿದ ಮಾತ್ರಕ್ಕೆ ಅಳಿಯದು. ಮಳೆಯನ್ನೇ ನಂಬಿದ ಹೊಲದಲ್ಲಿ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೂಷ್ಟಿಗೆ ಸುಗ್ಗಿ. ಮಣ್ಣಿಗೆ ಮೈಯೊಡ್ಡಿ ಮಲಗಿರುವುದು ಸಿಪ್ಪೆಯೇ ತಾನೆ?

ಹಿರಿಯರು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೂಷ್ಟು ಹಿಡಿದ ಬೀಜವನ್ನು ನಾವು ಕೋಳಿಗೆ ಹಾಕ್ತೀವಲ್ಲ ಸ್ವಾಮಿ?” ಎಂದರು. ಅದನ್ನೂ ನಿಲ್ಲಿಸಿ, ಕಾಯಿ ಕಿತ್ತ ಕೂಡಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೂಷ್ಟು ಹಿಡಿದುದನ್ನು ಆರಿಸಿ ಹೂಳಿಬಿಡಿ ಎಂದೆ.